ಕೊಡುವವರ ಪುಣ್ಯ, ಪಡೆಯುವವರ ಪಾಲು

2013ರ ಮೇ ತಿಂಗಳಲ್ಲಿ ಅಮೆರಿಕದ ಸಂಸತ್ತಿನ ಕೃಷಿ ಸಮಿತಿಯಲ್ಲಿ ಒಂದು ಮಸೂದೆಯ ಮೇಲೆ ಜಗ್ಗಾಟ ನಡೆದಿತ್ತು. ಬಡವರಿಗೆ ಕೊಡುವ ಆಹಾರ ನೆರವಿಗೆ ಕತ್ತರಿ ಹಾಕಬೇಕೋ ಬೇಡವೋ ಅನ್ನುವುದು ಪ್ರಶ್ನೆ. ಕ್ಯಾಲಿಫೋರ್ನಿಯಾದ ಹುವಾನ್ ವಾರ್ಗಸ್ ಬೈಬಲಿನ ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯವನ್ನು ಮುಂದಿಟ್ಟರು. ಹಸಿದವನಿಗೆ ಉಣ್ಣಲು ಕೊಟ್ಟರೆ ನನಗೇ ಕೊಟ್ಟಂತೆ ಎಂದು ಯೇಸು ಹೇಳುವ ಭಾಗ ಅದು. ಟೆನೆಸ್ಸೀಯ ಸ್ಟೀಫನ್ ಫಿಂಚರ್ ಸುಮ್ಮನಿರಲಿಲ್ಲ. ಅವರೂ ಬೈಬಲನ್ನೇ ತೆಗೆದರು. ದುಡಿಯಲು ಮನಸ್ಸಿಲ್ಲದವನು ಉಣ್ಣಲೂ ಬಾರದು ಅನ್ನುವ ವಾಕ್ಯ, ಥೆಸಲೋನಿಕದವರಿಗೆ ಬರೆದ ಎರಡನೆಯ ಪತ್ರದ್ದು. (ಫಿಂಚರ್ ಸ್ವತಃ ರೈತರು. ಅವರ ಬೇಸಾಯಕ್ಕೆ ಸರ್ಕಾರದಿಂದ ಲಕ್ಷಾಂತರ ಡಾಲರ್ ಸಹಾಯಧನ ಬಂದಿದೆ ಅಂತ ಪತ್ರಿಕೆಗಳು ಬರೆದವು. ಆ ದುಡ್ಡಿಗೆ ಅವರು ಯಾವ ವಾಕ್ಯವನ್ನೂ ಹುಡುಕಿದಂತೆ ಕಾಣಲಿಲ್ಲ.)

ಧರ್ಮ ಬಡತನದ ಬಗ್ಗೆ ಏನು ಹೇಳುತ್ತದೆ ಅಂತ ಯಾರಾದರೂ ಕೇಳಿದರೆ ನಾನು ಈ ಪ್ರಸಂಗ ಹೇಳುತ್ತೇನೆ. ಒಂದೇ ಪುಸ್ತಕ, ಒಂದೇ ದೇವರು. ಆದರೂ ಎತ್ತು ಏರಿಗೆ, ಕೋಣ ನೀರಿಗೆ.

ಥೆಸಲೋನಿಕದ ಆ ವಾಕ್ಯ ಎಲ್ಲೆಲ್ಲಿ ಸುತ್ತಾಡಿದೆ ನೋಡಿ. ಲೋಕದ ಅಂತ್ಯ ಇನ್ನೇನು ಬಂದೇಬಿಟ್ಟಿತು ಅಂತ ಕೆಲಸ ಬಿಟ್ಟು ಕೂತಿದ್ದ ಕೆಲವು ಭಕ್ತರಿಗೆ ಕೊಟ್ಟ ಗದರಿಕೆ ಅದು ಅಂತ ಬಹಳ ವಿದ್ವಾಂಸರು ಓದುತ್ತಾರೆ. ಅಂದರೆ ಕೆಲಸ ಸಿಗದವರ ಮಾತಲ್ಲ, ಭಕ್ತಿಯ ನೆಪದಲ್ಲಿ ಕೆಲಸ ಬಿಟ್ಟವರ ಮಾತು. ಅದೇ ವಾಕ್ಯ 1936ರ ಸೋವಿಯತ್ ಸಂವಿಧಾನದ 12ನೇ ವಿಧಿಯಲ್ಲಿ ಬಂದು ಕೂತಿತು. ದೇವರನ್ನೇ ಒಪ್ಪದ ಸರ್ಕಾರದ ಸಂವಿಧಾನ! 1988ರ ಮೇ 21ರಂದು ಎಡಿನ್‌ಬರೋದಲ್ಲಿ ಸ್ಕಾಟ್ಲೆಂಡ್ ಚರ್ಚಿನ ಮಹಾಸಭೆಯ ಮುಂದೆ ನಿಂತು ಬ್ರಿಟನ್ನಿನ ಆಗಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಕೂಡ ಅದನ್ನೇ ಹೇಳಿದರು. ಸಂಪತ್ತು ಗಳಿಸುವುದು ತಪ್ಪಲ್ಲ, ದುಡ್ಡಿನ ಮೋಹ ತಪ್ಪು ಅಂತಲೂ ಸೇರಿಸಿದರು. ಭಾಷಣ ಮುಗಿದ ಮೇಲೆ ಸಭೆಯ ಅಧ್ಯಕ್ಷ ಜೇಮ್ಸ್ ವೈಟ್ ಮರ್ಯಾದೆಯಿಂದ ವಂದನೆ ಹೇಳಿ, ವಸತಿ ಮತ್ತು ಬಡತನದ ಬಗ್ಗೆ ಚರ್ಚು ತಯಾರಿಸಿದ್ದ ವರದಿಗಳನ್ನು ಪ್ರಧಾನಿಯ ಕೈಗಿಟ್ಟರು. ಜಗಳ ಆಡದೆಯೇ ಉತ್ತರ ಕೊಡುವುದು ಅಂದರೆ ಇದೇ ಇರಬೇಕು.

ನಾನು ದೇವರನ್ನು ನಂಬುವವಳು. ಹಾಗಾಗಿ ಈ ವಾಕ್ಯಗಳ ಯುದ್ಧವನ್ನು ಹೊರಗೆ ನಿಂತು ನಗುವ ಆಸೆ ನನಗಿಲ್ಲ. ಆದರೆ ಬಡವರಿಗೆ ಸರ್ಕಾರ ಏನು ಕೊಡಬೇಕು, ಎಷ್ಟು ಕೊಡಬೇಕು ಅನ್ನುವ ಚರ್ಚೆಗಳನ್ನು ಓದುತ್ತಾ ಓದುತ್ತಾ ನನಗೆ ಒಂದು ವಿಷಯ ಗಟ್ಟಿಯಾಗಿದೆ. ಗೆರೆ ಇರುವುದು ಒಂದು ಧರ್ಮಕ್ಕೂ ಇನ್ನೊಂದು ಧರ್ಮಕ್ಕೂ ನಡುವೆ ಅಲ್ಲ. ನಂಬುವವರಿಗೂ ನಂಬದವರಿಗೂ ನಡುವೆಯೂ ಅಲ್ಲ. ಪ್ರತಿ ಧರ್ಮದ ಒಳಗೇ ಎರಡು ಮಾತುಗಳಿವೆ. ಒಂದು ಕೊಡುವವರನ್ನು ನೋಡಿ ಆಡಿದ ಮಾತು: ಕೊಡು, ನಿನಗೆ ಪುಣ್ಯ ಬರುತ್ತದೆ, ನಿನ್ನ ಮನಸ್ಸು ಹಸನಾಗುತ್ತದೆ. ಇನ್ನೊಂದು ಪಡೆಯುವವರನ್ನು ನೋಡಿ ಆಡಿದ ಮಾತು: ಅದು ಅವರ ಪಾಲು, ನೀನು ಇಟ್ಟುಕೊಂಡಿದ್ದೀಯ ಅಷ್ಟೇ. ಮೊದಲನೆಯದನ್ನು ಹಿಡಿದವರು ಸಹಜವಾಗಿ ದಾನ ಸಾಕು, ತೆರಿಗೆ ಬೇಡ ಅನ್ನುತ್ತಾರೆ. ಬಲವಂತವಾಗಿ ಕಿತ್ತುಕೊಂಡರೆ ಪುಣ್ಯ ಎಲ್ಲಿಂದ ಬರಬೇಕು, ಅಲ್ವಾ? ಎರಡನೆಯದನ್ನು ಹಿಡಿದವರಿಗೆ ಈ ಪ್ರಶ್ನೆಯೇ ಅಸಂಗತ. ಸಾಲ ತೀರಿಸುವವನು ಪುಣ್ಯ ಕೇಳುವುದುಂಟೇ?

ಎರಡನೆಯ ಮಾತಿಗೆ ನನಗೆ ಗೊತ್ತಿರುವ ಅತಿ ಚೊಕ್ಕ ಉದಾಹರಣೆ ಯಹೂದಿಗಳದ್ದು. ಅವರ ಧರ್ಮಗ್ರಂಥದ ಒಂದು ಭಾಗವಾದ ಯಾಜಕಕಾಂಡದ 19ನೇ ಅಧ್ಯಾಯದಲ್ಲಿ ಹೊಲದ ಯಜಮಾನನಿಗೆ ಒಂದು ನಿಯಮ ಇದೆ. ಪೈರು ಕೊಯ್ಯುವಾಗ ಹೊಲದ ಮೂಲೆಗಳನ್ನು ಕೊಯ್ಯಬೇಡ. ಕೆಳಗೆ ಬಿದ್ದ ತೆನೆಯನ್ನು ಆರಿಸಬೇಡ. ಬಡವರಿಗೂ ಪರದೇಶದವರಿಗೂ ಬಿಡು. ಗಮನಿಸಿ, ಕೊಡು ಅಂತ ಹೇಳಿಲ್ಲ. ಬಿಡು ಅಂತ ಹೇಳಿದೆ. ಕೊಯ್ದು, ಮನೆಗೆ ತಂದು, ಬಾಗಿಲಿಗೆ ಬಂದವರಿಗೆ ಕೈಯಾರೆ ಅಳೆದು ಕೊಡುವ ಸುಖ ಯಜಮಾನನಿಗಿಲ್ಲ. ಬಡವರೇ ಬಂದು, ಕೊಯ್ದುಕೊಂಡು, ತಲೆ ಎತ್ತಿಕೊಂಡು ಹೋಗುತ್ತಾರೆ. ಆಮೇಲೆ ಬಂದ ಮಿಷ್ನಾ ಗ್ರಂಥದ ಪೇಆ ಅನ್ನುವ ಭಾಗ ಇದನ್ನು ಇನ್ನೂ ಬಿಗಿ ಮಾಡಿತು. ಯಾರನ್ನೋ ಹೊಲಕ್ಕೆ ಬಿಟ್ಟು ಯಾರನ್ನೋ ತಡೆದರೆ, ಅಥವಾ ಬಂದವರಲ್ಲಿ ಒಬ್ಬನಿಗೆ ಮಾತ್ರ ಆರಿಸಲು ನೆರವಾದರೆ, ಆ ಯಜಮಾನ ಬಡವರಿಂದ ಕದ್ದ ಹಾಗೆ. ನೋಡಿ, ಇಷ್ಟವಾದವನಿಗೆ ಒಂದು ಹಿಡಿ ಜಾಸ್ತಿ ಆರಿಸಿಕೊಡುವುದೂ ಕಳ್ಳತನ!

ಈ ನಿಯಮ ಮೊದಲ ಸಲ ಓದಿದಾಗ ನನಗೆ ಅನಿಸಿದ್ದು, ಇದನ್ನು ಬರೆದವರಿಗೆ ಉಪಕಾರ ಮಾಡುವವರ ಸ್ವಭಾವ ಚೆನ್ನಾಗಿ ಗೊತ್ತಿತ್ತು ಅಂತ.

ಖುರಾನಿನಲ್ಲೂ ಇದೇ ದನಿ ಇದೆ. 70ನೇ ಅಧ್ಯಾಯದಲ್ಲಿ ಒಳ್ಳೆಯವರ ಗುಣ ಹೇಳುತ್ತಾ, ಅವರ ಸಂಪತ್ತಿನಲ್ಲಿ ಬೇಡುವವರಿಗೂ ವಂಚಿತರಿಗೂ ಗೊತ್ತಾದ ಒಂದು ಹಕ್ಕು ಇದೆ ಅನ್ನುತ್ತದೆ. ಜಕಾತ್ ಅನ್ನುವುದು ಕೈ ಬಿಚ್ಚಿದಷ್ಟು ಕೊಡುವ ದಾನ ಅಲ್ಲ, ಲೆಕ್ಕ ಇದೆ. ನಿಗದಿತ ಮಿತಿ ದಾಟಿದ ಉಳಿತಾಯ ಒಂದು ವರ್ಷ ಕೈಯಲ್ಲಿದ್ದರೆ ಶೇ 2.5. ಅದು ಯಾರಿಗೆ ಸಲ್ಲಬೇಕು ಅನ್ನುವುದಕ್ಕೂ ಎಂಟು ವರ್ಗಗಳ ಪಟ್ಟಿ ಇದೆ. ಅದರಲ್ಲಿ ವಸೂಲಿ ಮಾಡುವ ಸಿಬ್ಬಂದಿಯೂ ಒಂದು ವರ್ಗ. ಆಡಳಿತದ ಖರ್ಚನ್ನೂ ಧರ್ಮಗ್ರಂಥವೇ ಲೆಕ್ಕಕ್ಕೆ ಹಿಡಿದಿದೆ ಅಂದರೆ ನನ್ನಂಥ ಲೆಕ್ಕಪತ್ರ ಬರೆಯುವವರಿಗೆ ಖುಷಿಯಾಗದೆ ಇರುತ್ತದೆಯೇ?

ಆದರೆ ಹಕ್ಕು ಅಂದ ಕೂಡಲೇ ವಸೂಲಿ ಮಾಡುವವರು ಯಾರು ಅನ್ನುವ ಪ್ರಶ್ನೆ ಬರುತ್ತದೆ. ಪಾಕಿಸ್ತಾನದಲ್ಲಿ 1980ರಲ್ಲಿ ಜಿಯಾ ಉಲ್ ಹಕ್ ಸರ್ಕಾರ ಜಕಾತ್ ಸುಗ್ರೀವಾಜ್ಞೆ ತಂದಿತು. ರಂಜಾನ್ ತಿಂಗಳ ಮೊದಲ ದಿನ ಬ್ಯಾಂಕಿನ ಉಳಿತಾಯ ಖಾತೆಯಿಂದ ಶೇ 2.5 ನೇರವಾಗಿ ಮುರಿದುಕೊಳ್ಳುವ ವ್ಯವಸ್ಥೆ. ಶಿಯಾಗಳು ಸಿಟ್ಟಿಗೆದ್ದರು. ನಮ್ಮ ಧರ್ಮಶಾಸ್ತ್ರದ ಪ್ರಕಾರ ಇದನ್ನು ಹೀಗೆ ಕಿತ್ತುಕೊಳ್ಳುವ ಅಧಿಕಾರ ಈ ಸರ್ಕಾರಕ್ಕಿಲ್ಲ ಅಂದರು. ಅದೇ ವರ್ಷದ ಜುಲೈನಲ್ಲಿ ಇಸ್ಲಾಮಾಬಾದಿನಲ್ಲಿ ಸಾವಿರಾರು ಜನ ಸೇರಿದರು, ಸರ್ಕಾರ ಮಣಿದು ವಿನಾಯಿತಿ ಕೊಟ್ಟಿತು. ಉಳಿದವರಲ್ಲೂ ಬಹಳ ಮಂದಿ ಒಂದು ಉಪಾಯ ಕಂಡುಕೊಂಡರು. ರಂಜಾನ್ ಹಿಂದಿನ ದಿನಗಳಲ್ಲಿ ಬ್ಯಾಂಕಿನಿಂದ ದುಡ್ಡು ತೆಗೆಯುವುದು, ಆಮೇಲೆ ಮತ್ತೆ ಹಾಕುವುದು. ಇವರೆಲ್ಲ ಜಿಪುಣರು ಅಂತ ತಿಳಿಯಬೇಡಿ. ಎಷ್ಟೋ ಮಂದಿ ತೆಗೆದ ದುಡ್ಡಿನ ಜಕಾತನ್ನು ಗೊತ್ತಿರುವ ಬಡವರಿಗೆ ತಾವೇ ಹಂಚುತ್ತಿದ್ದರು. ಕೊಡಬೇಕು ಅನ್ನುವುದರಲ್ಲಿ ಅವರಿಗೆ ಅನುಮಾನ ಇರಲಿಲ್ಲ. ಸರ್ಕಾರದ ಕೈಯಲ್ಲಿ ಆ ದುಡ್ಡು ಬಡವನ ತನಕ ಮುಟ್ಟುತ್ತದೆ ಅನ್ನುವುದರಲ್ಲಿ ಇತ್ತು.

ಈ ಅಪನಂಬಿಕೆಯನ್ನು ಬಿಟ್ಟು ಧರ್ಮದ ಮಾತನ್ನಷ್ಟೇ ಆಡಿದರೆ ಚರ್ಚೆ ಅರ್ಧಕ್ಕೇ ನಿಲ್ಲುತ್ತದೆ. ಇದನ್ನು ಅಲಬಾಮಾ ರಾಜ್ಯದಷ್ಟು ಚೆನ್ನಾಗಿ ತೋರಿಸಿದ್ದು ಬೇರೆ ಇಲ್ಲ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಅಮೆರಿಕದ ದಕ್ಷಿಣದ ಈ ರಾಜ್ಯದಲ್ಲಿ ಚರ್ಚಿಗೆ ಹೋಗುವವರು ಬಹಳ. 2000ದ ದಶಕದ ಆರಂಭದಲ್ಲಿ ಅಲ್ಲಿಯ ತೆರಿಗೆ ಹೇಗಿತ್ತು ಅಂದರೆ, ನಾಲ್ಕು ಜನರ ಕುಟುಂಬಕ್ಕೆ ವರ್ಷದ ಆದಾಯ 4,600 ಡಾಲರ್ ದಾಟಿದರೆ ರಾಜ್ಯದ ಆದಾಯ ತೆರಿಗೆ ಶುರು. ಇಡೀ ದೇಶದಲ್ಲಿ ಇಷ್ಟು ಕೆಳಗಿನ ಮಿತಿ ಎಲ್ಲೂ ಇರಲಿಲ್ಲ. ಕಡು ಬಡವರೂ ತೆರಿಗೆ ಕಟ್ಟಬೇಕು. ಇನ್ನೊಂದು ಕಡೆ ಮರದ ದಿಮ್ಮಿಗಾಗಿ ಬೆಳೆಸಿದ ಕಾಡು ರಾಜ್ಯದ ಭೂಮಿಯ ಶೇ 71ರಷ್ಟಿತ್ತು. ಅದರಿಂದ ಬರುತ್ತಿದ್ದ ಆಸ್ತಿ ತೆರಿಗೆ ಒಟ್ಟು ಆಸ್ತಿ ತೆರಿಗೆಯ ಶೇ 2ಕ್ಕಿಂತ ಕಡಿಮೆ. ಈ ಅಂಕಿಗಳನ್ನು ಎತ್ತಿ ತೋರಿಸಿದವರು ಸೂಸನ್ ಪೇಸ್ ಹ್ಯಾಮಿಲ್. ಅಲಬಾಮಾ ವಿಶ್ವವಿದ್ಯಾಲಯದಲ್ಲಿ ತೆರಿಗೆ ಕಾನೂನಿನ ಪ್ರಾಧ್ಯಾಪಕಿ. ಕೆಲಸದಿಂದ ಬಿಡುವು ತೆಗೆದುಕೊಂಡು ಬರ್ಮಿಂಗ್‌ಹ್ಯಾಮಿನ ಒಂದು ದೈವಶಾಸ್ತ್ರ ಶಾಲೆಗೆ ಓದಲು ಹೋದರು. ಅಲ್ಲಿ ಅವರು ಬರೆದ ಪ್ರಬಂಧದ ವಾದ ನೇರವಾಗಿತ್ತು: ಈ ತೆರಿಗೆ ಪದ್ಧತಿ ಬೈಬಲಿನ ನೀತಿಗೆ ವಿರುದ್ಧ. ತೆರಿಗೆ ವಕೀಲೆಯೊಬ್ಬರು ಆದಾಯ ಮಿತಿಯ ಕೋಷ್ಟಕವನ್ನು ಪ್ರವಾದಿಗಳ ಮಾತಿನ ಪಕ್ಕದಲ್ಲಿಟ್ಟು ತೂಗಿದ್ದು ನನಗೆ ತುಂಬಾ ಹಿಡಿಸಿತು.

2002ರಲ್ಲಿ ಗವರ್ನರ್ ಆಗಿ ಗೆದ್ದ ಬಾಬ್ ರೈಲಿ ರಿಪಬ್ಲಿಕನ್ ಪಕ್ಷದವರು, ಬ್ಯಾಪ್ಟಿಸ್ಟ್ ಪಂಥದವರು. ತೆರಿಗೆ ಅಂದರೆ ಆಗದವರು ಅಂತಲೇ ಹೆಸರು ಮಾಡಿದ್ದವರು. ಖಜಾನೆ ಖಾಲಿಯಾಗಿತ್ತು. 2003ರಲ್ಲಿ ಅವರು ಸುಮಾರು 120 ಕೋಟಿ ಡಾಲರ್ ತೆರಿಗೆ ಏರಿಸುವ ಯೋಜನೆಯೊಂದನ್ನು ಜನರ ಮುಂದಿಟ್ಟರು. ಬಡವರ ಮೇಲಿನ ಭಾರ ಇಳಿಸಿ ಶ್ರೀಮಂತರ, ದೊಡ್ಡ ಜಮೀನುದಾರರ ಮೇಲೆ ಹಾಕುವ ಯೋಜನೆ. ಕ್ರೈಸ್ತನಾಗಿ ಬಡವರನ್ನು ನೋಡಿಕೊಳ್ಳುವುದು ನನ್ನ ಕರ್ತವ್ಯ, ಇಷ್ಟು ಕಡಿಮೆ ದುಡಿಯುವವರಿಂದ ತೆರಿಗೆ ಕಿತ್ತುಕೊಳ್ಳುವುದು ಅನೀತಿ ಅಂತ ಊರೂರು ತಿರುಗಿ ಹೇಳಿದರು. ಹಲವು ಪಂಥಗಳ ಧರ್ಮಗುರುಗಳು ಜೊತೆಗೆ ನಿಂತರು.

ಆಮೇಲೆ ನಡೆದದ್ದು ತಮಾಷೆಯಾಗಿದೆ. ಕ್ರಿಶ್ಚಿಯನ್ ಕೊಅಲಿಷನ್ ಅನ್ನುವ ಬಲಪಂಥೀಯ ಸಂಘಟನೆಯ ರಾಷ್ಟ್ರ ಅಧ್ಯಕ್ಷೆ ಯೋಜನೆಯನ್ನು ಹೊಗಳಿದರು. ಅದೇ ಸಂಘಟನೆಯ ಅಲಬಾಮಾ ಘಟಕ ವಿರೋಧಿಸಿತು. ದಾನ ಮಾಡು ಅಂತ ದೇವರು ಹೇಳಿದ್ದು ನನಗೆ, ನಿನಗೆ; ಸರ್ಕಾರಕ್ಕಲ್ಲ ಅನ್ನುವ ವಾದ ಎಲ್ಲೆಡೆ ಕೇಳಿಬಂತು. 2003ರ ಸೆಪ್ಟೆಂಬರ್ 9ರಂದು ಮತದಾನ ಆಯಿತು. ಮೂರರಲ್ಲಿ ಎರಡು ಪಾಲು ಜನ ಬೇಡ ಅಂದರು. ಯೋಜನೆಯಿಂದ ತೆರಿಗೆ ಕಡಿಮೆಯಾಗಬೇಕಿದ್ದ ಬಡವರಲ್ಲೂ ಬಹಳ ಮಂದಿ ಬೇಡ ಅಂದರು.

ಇದನ್ನು ಓದಿ ನನ್ನ ಪರಿಚಯದವರೊಬ್ಬರು, "ನೋಡಿ, ಇವರ ಭಕ್ತಿ ಎಲ್ಲ ಬರೀ ಬಾಯಿಮಾತು" ಅಂದರು. ನನಗೆ ಹಾಗನ್ನಿಸುವುದಿಲ್ಲ. ರಾಜಧಾನಿಯಲ್ಲಿ ಕೂತವರು ಈ ದುಡ್ಡನ್ನು ನಮಗಾಗಿ ಖರ್ಚು ಮಾಡುತ್ತಾರೆ ಅನ್ನುವ ನಂಬಿಕೆ ಆ ಬಡವರಿಗೆ ಇರಲಿಲ್ಲ. ಪಾಕಿಸ್ತಾನದ ಬ್ಯಾಂಕಿನ ಸಾಲಿನಲ್ಲಿ ನಿಂತವರಿಗೆ ಇರದಿದ್ದದ್ದೂ ಅದೇ. ರೈಲಿ ವೇದವಾಕ್ಯದಿಂದ ಉತ್ತರ ಕೊಟ್ಟಿದ್ದು ಯಾರೂ ಕೇಳದ ಪ್ರಶ್ನೆಗೆ. ಬಡವರಿಗೆ ಸಹಾಯ ಮಾಡಬೇಕೇ ಅಂತ ಅಲ್ಲಿ ಯಾರೂ ಕೇಳಿರಲಿಲ್ಲ. 4,600 ಡಾಲರಿನ ಮಿತಿಯ ಕತೆ ಹಾಗೇ ನಿಲ್ಲಲಿಲ್ಲ. 2006ರಲ್ಲಿ ಅದನ್ನು ಹನ್ನೆರಡು ಸಾವಿರ ದಾಟಿಸಿದರು. ಆ ಸಲ ಅಷ್ಟು ದೊಡ್ಡ ಉಪದೇಶ ಇರಲಿಲ್ಲ.

ಈಗ ನನ್ನದೇ ಒಂದು ಅನುಭವ. ಒಂದು ಧಾರ್ಮಿಕ ಸಂಸ್ಥೆಯ ವಿದ್ಯಾರ್ಥಿ ನೆರವು ಸಮಿತಿಗೆ ನಾನು ಲೆಕ್ಕಪತ್ರ ನೋಡುತ್ತೇನೆ. ಸಂಬಳ ಇಲ್ಲ, ಸೇವೆ. ಅರ್ಜಿಗಳನ್ನು ಜೋಡಿಸಿ, ಆದಾಯ ಪತ್ರ ಸರಿಯಿದೆಯೇ ನೋಡಿ, ಸಭೆಗೆ ಇಡುವುದು ನನ್ನ ಕೆಲಸ. ಅರ್ಜಿಯಲ್ಲಿ ಒಂದು ಕಾಲಂ ಇದೆ: ಕುಟುಂಬದ ನಡತೆ. ಯಾರು ಯಾವಾಗ ಸೇರಿಸಿದರೋ ಗೊತ್ತಿಲ್ಲ. ಹೆಚ್ಚಿನವರು "ಉತ್ತಮ" ಅಂತ ಬರೆಯುತ್ತಾರೆ. ಇನ್ನೇನು ಬರೆಯಬೇಕು?

ಒಬ್ಬಳು ಹುಡುಗಿಯ ಅರ್ಜಿ ಬಂತು. ಅಂಕ ಚೆನ್ನಾಗಿತ್ತು. ಅಕ್ಷರ ಮುದ್ದಾಗಿತ್ತು. ತಂದೆಯ ಉದ್ಯೋಗ ಅನ್ನುವ ಕಡೆ "ಇದ್ದಾರೆ" ಅಂತ ಮಾತ್ರ ಬರೆದಿದ್ದಳು. ನಡತೆಯ ಕಾಲಂ ಖಾಲಿ.

ಸಮಿತಿಯಲ್ಲಿ ಒಬ್ಬ ಹಿರಿಯರಿದ್ದಾರೆ. ನಿಜಕ್ಕೂ ದೊಡ್ಡ ಮನಸ್ಸಿನವರು, ವರ್ಷಕ್ಕೆ ಅವರು ಕೊಡುವ ದುಡ್ಡೇ ಎಲ್ಲರಿಗಿಂತ ಜಾಸ್ತಿ. ಅವರು ವಿಚಾರಿಸಿಕೊಂಡು ಬಂದಿದ್ದರು. "ಅಪ್ಪ ಕುಡೀತಾನಂತೆ ಕಣಮ್ಮಾ. ಇದು ದೇವರ ದುಡ್ಡು. ಅಪಾತ್ರ ದಾನ ಆಗಬಾರದು" ಅಂದರು. ಪಕ್ಕದಲ್ಲಿದ್ದ ನಿವೃತ್ತ ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಹಾಗೆ ಮಾಡಿದರೆ ಜಗಳ ಶುರು ಅಂತ ಅರ್ಥ. "ಅರ್ಜಿ ಹಾಕಿದ್ದು ಹುಡುಗಿ ಸ್ವಾಮಿ. ಅವರಪ್ಪ ಹಾಕಿದ್ದರೆ ಆಗ ನೋಡೋಣ" ಅಂದರು. ಇಬ್ಬರೂ ದಿನಾ ಪೂಜೆ ಮಾಡುವವರೇ. ಹಿರಿಯರು ಗೀತೆಯ 17ನೇ ಅಧ್ಯಾಯ ಹೇಳಿದರು: ದೇಶ, ಕಾಲ, ಪಾತ್ರ ನೋಡಿ ಕೊಟ್ಟದ್ದೇ ಸಾತ್ತ್ವಿಕ ದಾನ. ಮೇಷ್ಟ್ರು ತೈತ್ತಿರೀಯ ಉಪನಿಷತ್ತು ಹೇಳಿದರು: ಹ್ರಿಯಾ ದೇಯಂ, ಭಿಯಾ ದೇಯಂ. ನಾಚಿಕೆಯಿಂದ ಕೊಡು, ಭಯದಿಂದ ಕೊಡು. "ನಾಚಿಕೆ ಪಡಬೇಕಾದವರು ನಾವು. ನೀವು ಆ ಮಗುವಿನ ಕೈಲಿ ಪಡಿಸ್ತಿದ್ದೀರಿ" ಅಂತ ಸ್ವಲ್ಪ ಜೋರಾಗಿಯೇ ಅಂದರು.

ಕೊನೆಗೆ ನೆರವು ಕೊಡುವುದು, ಆದರೆ ಫೀಸನ್ನು ನೇರ ಕಾಲೇಜಿಗೇ ಕಟ್ಟುವುದು ಅಂತ ಆಯಿತು. ಅದು ಸರಿಯೇ. ಆದರೆ ವಾರ್ಷಿಕ ಸಭೆಯಲ್ಲಿ ಮಂಜೂರಾತಿ ಪತ್ರವನ್ನು ವೇದಿಕೆ ಮೇಲೆ ಕೊಡುವ ಪದ್ಧತಿ ಇತ್ತಲ್ಲ. ದಾನಿಯ ಹೆಸರು ಓದುವುದು, ವಿದ್ಯಾರ್ಥಿ ಬಂದು ನಮಸ್ಕರಿಸುವುದು, ಫೋಟೊ. ಆ ಹುಡುಗಿ ಬರಲಿಲ್ಲ. ಅವಳ ಸೋದರಮಾವ ಬಂದು ಪತ್ರ ತೆಗೆದುಕೊಂಡು ಹೋದರು. "ನೋಡಿ, ಕೃತಜ್ಞತೆ ಅನ್ನೋದೇ ಇಲ್ಲ" ಅಂತ ಯಾರೋ ಹಿಂದಿನ ಸಾಲಿನಲ್ಲಿ ಅಂದದ್ದು ನನಗೆ ಕೇಳಿಸಿತು. ಹಂಗಿಗೆ ಬಿದ್ದವರು ಹಂಗನ್ನು ತೋರಿಸಿಯೇ ತೀರಬೇಕು ಅನ್ನುವ ಈ ಹಟ ದಾನದ ಜೊತೆಗೇ ಹುಟ್ಟಿದ್ದೇನೋ.

ಇದು ಹೊಸ ಕಾಯಿಲೆ ಏನಲ್ಲ. 12ನೇ ಶತಮಾನದ ಯಹೂದಿ ಪಂಡಿತ ಮೈಮೊನಿಡೀಸ್ ದಾನಕ್ಕೆ ಎಂಟು ಮೆಟ್ಟಿಲು ಹಾಕಿದರು. ಮುಖ ಗಂಟಿಕ್ಕಿಕೊಂಡು ಕೊಡುವುದು ಎಲ್ಲಕ್ಕಿಂತ ಕೆಳಗೆ. ಕೊಟ್ಟವನಿಗೆ ಪಡೆದವನೂ ಪಡೆದವನಿಗೆ ಕೊಟ್ಟವನೂ ಗೊತ್ತಿಲ್ಲದಂತೆ ಕೊಡುವುದು ಮೇಲಿನಿಂದ ಎರಡನೆಯದು. ಜೆರುಸಲೇಮಿನ ದೇವಾಲಯದಲ್ಲಿ ಇದಕ್ಕೆಂದೇ ಒಂದು ಗುಟ್ಟಿನ ಕೋಣೆ ಇತ್ತು ಅಂತ ಹಳೆಯ ಗ್ರಂಥಗಳು ಹೇಳುತ್ತವೆ. ಉಳ್ಳವರು ಸದ್ದಿಲ್ಲದೆ ಹಾಕಿ ಬರುವುದು, ಬಾಳಿ ಬಡವಾದ ಮನೆಯವರು ಸದ್ದಿಲ್ಲದೆ ತೆಗೆದುಕೊಂಡು ಹೋಗುವುದು. ಇನ್ನು ತುತ್ತತುದಿಯ ಮೆಟ್ಟಿಲು ಯಾವುದು ಗೊತ್ತಾ? ಸಾಲವೋ ಪಾಲುದಾರಿಕೆಯೋ ಕೆಲಸವೋ ಕೊಟ್ಟು, ಇನ್ನೊಬ್ಬರ ಮುಂದೆ ಕೈ ಒಡ್ಡುವ ಅಗತ್ಯವೇ ಇಲ್ಲದಂತೆ ಮಾಡುವುದು.

ಕೆಲಸದ ಮಾತು ಬಂದಾಗ ನಮ್ಮ ನೆಲದವರನ್ನೂ ನೆನೆಯಬೇಕು. 12ನೇ ಶತಮಾನದ ಕಲ್ಯಾಣದಲ್ಲಿ ಕಾಯಕವೇ ಕೈಲಾಸ ಅಂದ ಶರಣರ ಮಾತನ್ನು ಇವತ್ತು ಬಿಟ್ಟಿ ಕೊಡಬೇಡಿ ಅನ್ನುವವರು ಧಾರಾಳವಾಗಿ ಬಳಸುತ್ತಾರೆ. ಆದರೆ ಅದೇ ಶರಣರಲ್ಲಿ ಆಯ್ದಕ್ಕಿ ಮಾರಯ್ಯ ದಿನದ ಅಗತ್ಯಕ್ಕಿಂತ ಜಾಸ್ತಿ ಅಕ್ಕಿ ತಂದಾಗ, ಅದು ನಮ್ಮದಲ್ಲ, ವಾಪಸ್ ಸುರಿದು ಬನ್ನಿ ಅಂತ ಕಳಿಸಿದವಳು ಅವನ ಹೆಂಡತಿ ಲಕ್ಕಮ್ಮ. ಕಾಯಕದ ಪಾಠ ಹೇಳುವವರು ಲಕ್ಕಮ್ಮನ ಪಾಠಕ್ಕೆ ಬರುವ ಹೊತ್ತಿಗೆ ಎದ್ದು ಹೋಗಿರುತ್ತಾರೆ. ಗಾಂಧೀಜಿಯವರನ್ನೂ ಎರಡೂ ಕಡೆಯವರು ಎಳೆಯುತ್ತಾರೆ. 1925ರಲ್ಲಿ ಯಂಗ್ ಇಂಡಿಯಾದಲ್ಲಿ ಅವರು ಬರೆದದ್ದು ಕಟುವಾಗಿದೆ. ಗಟ್ಟಿಮುಟ್ಟಾದವನಿಗೆ ದುಡಿಸದೆ ಊಟ ಹಾಕುವುದನ್ನು ನನ್ನ ಅಹಿಂಸೆ ಸಹಿಸದು, ಅಧಿಕಾರ ಇದ್ದಿದ್ದರೆ ಪುಕ್ಕಟೆ ಊಟದ ಛತ್ರಗಳನ್ನೆಲ್ಲ ನಿಲ್ಲಿಸುತ್ತಿದ್ದೆ ಅನ್ನುತ್ತಾರೆ. ನನಗೆ ಈ ಮಾತು ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಅವರು ಹೀಗೆ ಹೇಳಿ ಸುಮ್ಮನೆ ಕೂರಲಿಲ್ಲ, ಕೈಗೆ ಚರಕ ಕೊಡಲು ಓಡಾಡಿದರು ಅನ್ನುವುದನ್ನು ಮರೆಯಬಾರದು. ಕರ್ಮದ ಫಲ ಅನುಭವಿಸಲಿ ಬಿಡಿ ಅನ್ನುವವರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಅದು ವಾದವೇ ಅಲ್ಲ. ಬೇರೆಯವರ ಕರ್ಮದ ಲೆಕ್ಕ ಇವರ ಕೈಗೆ ಸಿಕ್ಕಿದ್ದು ಹೇಗೆ ಅಂತ ಕೇಳಿದರೆ ಉತ್ತರ ಇರುವುದಿಲ್ಲ.

ನಡತೆಯ ಕಾಲಂ ವಿಷಯಕ್ಕೆ ಬರುತ್ತೇನೆ. ಇದೇ ಜಗಳ ಸ್ಪೇನಿನ ಸಾಲಮಾಂಕಾದಲ್ಲಿ 1545ರಲ್ಲೇ ಆಗಿಹೋಗಿದೆ. ಯಾರು ನಿಜವಾದ ಬಡವರು ಅಂತ ಪರೀಕ್ಷಿಸಿ, ಅವರಿಗೆ ಮಾತ್ರ ಬೇಡಲು ಪರವಾನಗಿ ಕೊಡಬೇಕು, ಹೊರಗಿನವರನ್ನು ಓಡಿಸಬೇಕು ಅನ್ನುವ ಕಾನೂನು ಬಂದಿತ್ತು. ಹ್ವಾನ್ ದೆ ರೊಬ್ಲೆಸ್ ಅನ್ನುವ ಸನ್ಯಾಸಿ ಅದನ್ನು ಸಮರ್ಥಿಸಿದರು. ಬೀದಿಯಲ್ಲಿ ಅಲೆಯುವುದಕ್ಕಿಂತ ವ್ಯವಸ್ಥಿತ ನೆರವು ಬಡವರಿಗೇ ಒಳ್ಳೆಯದು ಅನ್ನುವುದು ಅವರ ಮಾತು. ದೊಮಿಂಗೊ ದೆ ಸೋತೊ ಅನ್ನುವ ಇನ್ನೊಬ್ಬ ಸನ್ಯಾಸಿ ವಿರೋಧಿಸಿದರು. ಶ್ರೀಮಂತರ ನಡತೆಯನ್ನು ಯಾರೂ ಹೀಗೆ ಶೋಧಿಸುವುದಿಲ್ಲ, ಬಡವರದ್ದನ್ನು ಮಾತ್ರ ಯಾಕೆ ಶೋಧಿಸಬೇಕು ಅನ್ನುವುದು ಅವರ ಪ್ರಶ್ನೆ. ಸುಳ್ಳು ಬಡವರನ್ನು ಹಿಡಿಯುವ ಭರದಲ್ಲಿ ನಿಜವಾದ ಬಡವನ ತುತ್ತು ತಪ್ಪಿಸುವುದು ದೊಡ್ಡ ಪಾಪ ಅಂದರು. ಇಬ್ಬರೂ ಒಂದೇ ಚರ್ಚಿನವರು. ಇಬ್ಬರ ವಾದವೂ ಅದೇ ವರ್ಷ ಅದೇ ಊರಿನಲ್ಲಿ ಅಚ್ಚಾಯಿತು. ಇವತ್ತಿನ ಯಾವುದೇ ಕಲ್ಯಾಣ ಯೋಜನೆಯ ಚರ್ಚೆ ತೆಗೆದುಕೊಳ್ಳಿ. ಅರ್ಹರಲ್ಲದವರಿಗೆ ಸೋರಿಹೋಗುತ್ತಿದೆ ಅನ್ನುವವರು ಒಂದು ಕಡೆ, ಅರ್ಹರೇ ಬಿಟ್ಟುಹೋಗುತ್ತಿದ್ದಾರೆ ಅನ್ನುವವರು ಇನ್ನೊಂದು ಕಡೆ. ಸೋತೊ, ರೊಬ್ಲೆಸ್ ಇಬ್ಬರೂ ಇನ್ನೂ ಕೂತು ವಾದ ಮಾಡುತ್ತಲೇ ಇದ್ದಾರೆ.

ನಾನು ಸೋತೊ ಕಡೆ. ಆದರೆ ಎದುರು ಪಕ್ಷಕ್ಕೆ ಒಂದು ನ್ಯಾಯವಾದ ಮಾತಿದೆ, ಅದನ್ನು ಮುಚ್ಚಿಡಬಾರದು. ಸರ್ಕಾರದ ಕೌಂಟರಿನಲ್ಲೂ ಅವಮಾನ ಆಗುತ್ತದೆ. ಇಂಗ್ಲೆಂಡಿನಲ್ಲಿ 1601ರ ಕಾನೂನು ಬಡವರನ್ನು ನೋಡಿಕೊಳ್ಳುವ ಹೊಣೆಯನ್ನು ಪ್ರತಿ ಚರ್ಚ್ ವ್ಯಾಪ್ತಿಯ ಜನರ ತೆರಿಗೆಗೆ ಕಟ್ಟಿತ್ತು. 1834ರಲ್ಲಿ ಅದನ್ನು ತಿದ್ದಿದಾಗ ನೆರವು ಬೇಕಾದವರು ದುಡಿಮೆ ಮನೆಗೆ ಹೋಗಬೇಕು ಅಂತಾಯಿತು. ಹೊರಗಿನ ಅತಿ ಬಡ ಕೂಲಿಯವನ ಬದುಕಿಗಿಂತ ಒಳಗಿನ ಬದುಕು ಕಷ್ಟವಾಗಿಯೇ ಇರಬೇಕು ಅನ್ನುವುದು ನಿಯಮ. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಇದು ತೆರಿಗೆ ದುಡ್ಡಿನಲ್ಲೇ ನಡೆದದ್ದು. ಜನಸಂಖ್ಯೆ ಬಗ್ಗೆ ಬರೆದು ಈ ಬಿಗಿಗೆ ದಾರಿ ಮಾಡಿಕೊಟ್ಟ ಮಾಲ್ಥಸ್ ಚರ್ಚಿನ ಪಾದ್ರಿ ಅನ್ನುವುದನ್ನೂ ಸೇರಿಸಿಬಿಡುತ್ತೇನೆ.

ಹಾಗಾದರೆ ಚರ್ಚುಗಳೇ ನೋಡಿಕೊಂಡರೆ ಆಗುತ್ತಿತ್ತೇ? ಅದನ್ನೂ ಒಬ್ಬರು ಮಾಡಿ ನೋಡಿದ್ದಾರೆ. ಥಾಮಸ್ ಚಾಮರ್ಸ್ ಅನ್ನುವ ಸ್ಕಾಟ್ಲೆಂಡಿನ ಪಾದ್ರಿ 1819ರಿಂದ 1823ರವರೆಗೆ ಗ್ಲಾಸ್ಗೋದ ಸೇಂಟ್ ಜಾನ್ ಪ್ರದೇಶದಲ್ಲಿ ತೆರಿಗೆಯ ನೆರವು ಬೇಡ ಅಂದರು. ಪ್ರದೇಶವನ್ನು 25 ಭಾಗ ಮಾಡಿ, ಒಂದೊಂದಕ್ಕೂ ಒಬ್ಬ ಸೇವಕನನ್ನು ನೇಮಿಸಿದರು. ಯಾರಾದರೂ ಕಷ್ಟ ಅಂದರೆ ಅವನು ಮನೆಗೆ ಹೋಗಿ ವಿಚಾರಿಸಬೇಕು. ಮೊದಲು ಸ್ವಂತ ದುಡಿಮೆ, ಆಮೇಲೆ ನೆಂಟರು, ಆಮೇಲೆ ನೆರೆಯವರು, ಯಾವುದೂ ಇಲ್ಲದಿದ್ದರೆ ಚರ್ಚಿನ ಹುಂಡಿ. ಖರ್ಚು ವರ್ಷಕ್ಕೆ 1,400 ಪೌಂಡಿನಿಂದ 280 ಪೌಂಡಿಗೆ ಇಳಿಯಿತು ಅಂತ ಆ ಪ್ರಯೋಗವನ್ನು ಹೊಗಳುವವರು ಹೇಳುತ್ತಾರೆ. ಧರ್ಮಸಂಸ್ಥೆಗಳೇ ಬಡವರನ್ನು ನೋಡಿಕೊಳ್ಳಲಿ, ಸರ್ಕಾರ ಹಿಂದೆ ಸರಿಯಲಿ ಅನ್ನುವವರಿಗೆ ಇಂದಿಗೂ ಚಾಮರ್ಸ್ ಹಿರಿಯಣ್ಣ. ನಾನು ಲೆಕ್ಕ ನೋಡುವವಳು, ನನಗೆ ಮೊದಲು ಹುಟ್ಟುವ ಪ್ರಶ್ನೆಯೇ ಬೇರೆ. ಖರ್ಚು ಇಳಿದದ್ದು ಬಡತನ ಇಳಿದದ್ದರಿಂದಲೋ, ಕೇಳುವವರು ಇಳಿದದ್ದರಿಂದಲೋ? ಪಕ್ಕದ ಬೀದಿಯಲ್ಲಿರುವ, ಭಾನುವಾರ ಚರ್ಚಿನಲ್ಲಿ ಸಿಗುವ, ನೆಂಟರ ಮನೆಗೆಲ್ಲ ಹೋಗಿ ವಿಚಾರಿಸಿ ಬರುವ ಮನುಷ್ಯನ ಮುಂದೆ ಕಷ್ಟ ಹೇಳಿಕೊಳ್ಳುವುದು ಸುಲಭವೇ? 1845ರಲ್ಲಿ ಸ್ಕಾಟ್ಲೆಂಡಿಗೂ ಹೊಸ ಬಡವರ ಕಾನೂನು ಬಂತು.

ಇಷ್ಟಾದರೂ ಸೇವಕರು ಮನೆ ಬಾಗಿಲಿಗೆ ಹೋದದ್ದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕಾಯಿಲೆ ಬಿದ್ದವರಿಗೆ ರಾತ್ರಿ ಜೊತೆಗಿರುವುದು, ಕುಡಿಯುವ ಅಪ್ಪನನ್ನು ಕೂರಿಸಿ ಮಾತಾಡಿಸುವುದು ಯಾವ ಇಲಾಖೆಯಿಂದಲೂ ಆಗುವ ಕೆಲಸ ಅಲ್ಲ. ಫೀಸು, ಊಟ, ಔಷಧಿ ಮಾತ್ರ ಯಾರ ಮರ್ಜಿಗೂ ಬಿಡದೆ ಹಕ್ಕಾಗಿ ಬರಲಿ. ಅದರ ಮೇಲಿನದ್ದಕ್ಕೆಲ್ಲ ನಾವು ಭಕ್ತರು ಬೇಕಾದಷ್ಟು ಪೈಪೋಟಿ ಮಾಡೋಣ.

ನಡತೆಯ ಕಾಲಂ ತೆಗೆಯಬೇಕು ಅಂತ ನಾನೂ ಮೇಷ್ಟ್ರೂ ಸಹಿ ಮಾಡಿ ಸಮಿತಿಗೆ ಬರೆದುಕೊಟ್ಟೆವು. ಹೊಲದ ಮೂಲೆಯ ನಿಯಮವನ್ನು ವಿವರಿಸಿದೆ. ಹಿರಿಯರು ಪೂರ್ತಿ ಕೇಳಿ, "ಅದು ಅವರ ಧರ್ಮ ಕಣಮ್ಮಾ. ನಮ್ಮದರಲ್ಲಿ ಇದ್ದರೆ ತೋರಿಸು" ಅಂದರು. ಮುಂದಿನ ಸಭೆಗೆ ಭಾಗವತದ ಏಳನೇ ಸ್ಕಂಧ, 14ನೇ ಅಧ್ಯಾಯ ತೆಗೆದುಕೊಂಡು ಹೋದೆ. ಅಲ್ಲಿ ನಾರದರು ಯುಧಿಷ್ಠಿರನಿಗೆ ಹೇಳುತ್ತಾರೆ: ಹೊಟ್ಟೆ ತುಂಬುವಷ್ಟಕ್ಕೆ ಮಾತ್ರ ಮನುಷ್ಯನಿಗೆ ಒಡೆತನ. ಅದಕ್ಕಿಂತ ಹೆಚ್ಚು ನನ್ನದು ಅನ್ನುವವನು ಕಳ್ಳ, ದಂಡಕ್ಕೆ ಅರ್ಹ. ಮೇಷ್ಟ್ರು ಕನ್ನಡಕ ತೆಗೆಯಲಿಲ್ಲ, ಸುಮ್ನೆ ನಕ್ಕರು. ಹಿರಿಯರು ಶ್ಲೋಕವನ್ನು ನಿಧಾನವಾಗಿ, ತಪ್ಪಿಲ್ಲದೆ, ರಾಗವಾಗಿ ಓದಿದರು. ಆಮೇಲೆ ಪುಸ್ತಕ ಮುಚ್ಚಿ, "ಇದು ಗೃಹಸ್ಥನಿಗೆ ಹೇಳಿದ್ದು. ಸಂಸ್ಥೆಗೆ ಅನ್ವಯಿಸೋದಿಲ್ಲ" ಅಂದರು.

ಕಾಲಂ ಈ ವರ್ಷದ ಅರ್ಜಿಯಲ್ಲೂ ಇದೆ. ನಡತೆ ಅನ್ನುವುದರ ಮುಂದೆ "ಐಚ್ಛಿಕ" ಅಂತ ಸೇರಿಸಲು ಮಾತ್ರ ಒಪ್ಪಿದ್ದಾರೆ.